ನೀರು ನಿಲ್ಲಿಸಿದ ಯುಗಾದಿ

ನಾನು ಚಿಕ್ಕವನಿದ್ದಾಗ, ಒಂಬತ್ತು ತುಂಬಿ ಹತ್ತಕ್ಕೆ ಬಿದ್ದ ವರ್ಷ, ಯುಗಾದಿಯ ದಿನ ಒಬ್ಬ ದೊಡ್ಡ ಮನುಷ್ಯನ ಮೇಲೆ ಸೇಡು ತೀರಿಸಿಕೊಂಡೆ. ಹಬ್ಬದ ದಿನ ಒಳ್ಳೆಯ ಮಾತು ಆಡಬೇಕು, ಒಳ್ಳೆಯದನ್ನೇ ನೆನೆಯಬೇಕು ಎಂದು, ಮಕ್ಕಳೇ, ನಿಮಗೆ ಹೇಳಿಕೊಟ್ಟವನು ನಾನೇ. ಆದರೂ ಆ ದಿನ ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ಆಗ ನಾವು ಫರೀದಾಬಾದಿನಲ್ಲಿದ್ದೆವು. ಅಪ್ಪ ಒಂದು ಕಾರ್ಖಾನೆಯಲ್ಲಿ ಗೇರುಗಳ ಹಲ್ಲು ಸರಿಯಾಗಿದೆಯೇ ಎಂದು ಅಳೆದು ನೋಡುವ ಕೆಲಸದಲ್ಲಿದ್ದರು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ನಾಲ್ಕು ಮನೆಗಳ ಕಟ್ಟಡದಲ್ಲಿ ಎಲ್ಲಕ್ಕಿಂತ ಮೇಲಿನ ಮನೆ ನಮ್ಮದು. ಅದರ ಮೇಲೆ ಟೆರೇಸು. ಅಲ್ಲಿ ನಾಲ್ಕು ಮನೆಗೆ ನಾಲ್ಕು ಕಪ್ಪು ನೀರಿನ ಟ್ಯಾಂಕು, ಮೂಲೆಯಲ್ಲಿ ಬರ್ಸಾತಿ ಎಂದು ಕರೆಯುವ ಒಂಟಿ ಕೋಣೆ. ಬೆಳಿಗ್ಗೆ ಒಂದು ಗಂಟೆ ಮಾತ್ರ ನಲ್ಲಿಯಲ್ಲಿ ನೀರು ಬರುತ್ತಿತ್ತು. ಆಗ ಮೋಟರ್ ಹಾಕಿ ಟ್ಯಾಂಕು ತುಂಬಿಸಿಕೊಂಡರೆ ಇಡೀ ದಿನ ಅದೇ ನೀರು.

ನಮ್ಮ ಮನೆಯ ಯುಗಾದಿ ಎಂದರೆ ಜಾತ್ರೆ. ದೆಹಲಿಯಲ್ಲಿ ಓದುತ್ತಿದ್ದ ನಮ್ಮ ಕಡೆಯ ವಿದ್ಯಾರ್ಥಿಗಳು ಮೆಟ್ರೋ ಹಿಡಿದು ಬರುತ್ತಿದ್ದರು. ಹಾಸ್ಟೆಲಿನ ರಾಜ್ಮಾ ತಿಂದು ನಾಲಿಗೆ ಸತ್ತಿದೆ ಎಂದು ಗೋಳಾಡುತ್ತಿದ್ದರು. ಅವರ ಚಪ್ಪಲಿಗಳು ಎರಡು ಅಂತಸ್ತು ಕೆಳಗಿನವರೆಗೂ ಮೆಟ್ಟಿಲ ಮೇಲೆ ಹರಡಿಕೊಳ್ಳುತ್ತಿದ್ದವು. ಸೋಫಾ ಮಲಗುವ ಕೋಣೆಗೆ ಹೋಗಿ ನಡುಮನೆಯಲ್ಲಿ ಎರಡು ಸಾಲು ಎಲೆ ಬೀಳುತ್ತಿತ್ತು. ಅಮ್ಮ ಬೆಳಗಿನಿಂದ ಕಾವಲಿಯ ಮುಂದೆ ನಿಂತು ಒಬ್ಬಟ್ಟು ಬೇಯಿಸುತ್ತಿದ್ದಳು. ತುಪ್ಪ, ಏಲಕ್ಕಿ, ಬೆಂದ ಬೇಳೆಯ ವಾಸನೆಗೆ ಕೆಳಮನೆಯ ಮಾತಾಜಿ ಕೂಡ ಮೊಣಕಾಲು ಹಿಡಿದುಕೊಂಡು ಮೇಲೆ ಬರುತ್ತಿದ್ದರು. ಅವರಿಗೆ ಅಮ್ಮನ ಒಬ್ಬಟ್ಟು ಬಿಸಿ ಹಾಲಿನ ಜೊತೆ ಬೇಕು.

ಆಮೇಲೆ ಆ ರೋಗ ಬಂತು. ಮೊದಲ ವರ್ಷ ಕಳೆಯಿತು, ಇನ್ನೇನು ಮುಗಿಯಿತು ಎಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಎರಡನೆಯ ವರ್ಷದ ಬೇಸಿಗೆಗೆ ಮತ್ತೆ ಎದ್ದಿತು. ಉಸಿರಿನಿಂದ ಉಸಿರಿಗೆ ಅಂಟುವ ರೋಗ ಅದು. ಆಸ್ಪತ್ರೆಯಿಂದ ನಮಗೆ ತಂದುಬಿಟ್ಟೇನು ಎಂಬ ಹೆದರಿಕೆಗೆ ಅಮ್ಮ ತನ್ನ ಹಾಸಿಗೆ, ಒಂದು ಬಕೆಟ್ಟು, ಒಂದು ಟೇಬಲ್ ಫ್ಯಾನು ತೆಗೆದುಕೊಂಡು ಬರ್ಸಾತಿಗೆ ಹೋದಳು. ನಾವು ಊಟವನ್ನು ಟೆರೇಸಿನ ಬಾಗಿಲ ಬಳಿ ಇಟ್ಟು ಹಿಂದೆ ಸರಿಯಬೇಕು, ಆಮೇಲೆ ಅವಳು ಬಂದು ತೆಗೆದುಕೊಳ್ಳಬೇಕು. ಮೂರು ವಾರ ನಾನು ಅಮ್ಮನನ್ನು ಮುಟ್ಟಿರಲಿಲ್ಲ.

ಮಾತಾಜಿಯ ಮಗ ನಮ್ಮ ಬೀದಿಯ ನಿವಾಸಿಗಳ ಸಮಿತಿಗೆ ಸೆಕ್ರೆಟರಿ. ಎಲ್ಲರೂ ಅವನನ್ನು ಸೆಕ್ರೆಟರಿ ಸಾಹೇಬರು ಎನ್ನುತ್ತಿದ್ದರು. ನಾನು ‘ಅವನು’ ಎಂದೇ ಹೇಳುತ್ತೇನೆ. ಇಷ್ಟು ವರ್ಷವಾದರೂ ನನ್ನ ನಾಲಿಗೆಗೆ ‘ಅವರು’ ಬಂದಿಲ್ಲ. ಅಮ್ಮ ಆಸ್ಪತ್ರೆಯವಳು ಎಂದು ಅವನು ಕೆಂಪು ಪೆನ್ನಿನಲ್ಲಿ ಬರೆದು ಗೇಟಿಗೆ ಒಂದು ಕಾಗದ ಅಂಟಿಸಿದ. ಅವಳು ಮುಂದಿನ ಮೆಟ್ಟಿಲು ಹತ್ತಕೂಡದು, ಹಿಂಬದಿಯ ಕಬ್ಬಿಣದ ಸುರುಳಿ ಮೆಟ್ಟಿಲಲ್ಲೇ ಓಡಾಡಬೇಕು. ಟೆರೇಸಿಗೆ ನಮ್ಮ ಮನೆಯವರ ಹೊರತು ಬೇರೆ ಯಾರೂ ಹೋಗಕೂಡದು. ಪ್ಲಂಬರ್, ಎಲೆಕ್ಟ್ರಿಷಿಯನ್ ಯಾರೂ ಗೇಟಿನೊಳಗೆ ಬರಕೂಡದು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಅಮ್ಮ ಡ್ಯೂಟಿ ಮುಗಿಸಿ ಬಂದಳು. ಹೆಗಲಲ್ಲಿ ದೊಡ್ಡ ಬಟ್ಟೆಚೀಲ. ಯುಗಾದಿಗೆ ಜನ ಬರದಿದ್ದರೂ ಎಲೆಯಲ್ಲೇ ಊಟ ಎಂದು ಅವಳು ಫೋನಿನಲ್ಲಿ ಹೇಳಿದ್ದಳು. ಅದಕ್ಕಾಗಿ ದೆಹಲಿಯ ಮಾರುಕಟ್ಟೆಗೆ ಹೋಗಿ ಬಾಳೆಎಲೆ, ಬೆಲ್ಲ, ಮಾವಿನಕಾಯಿ, ಕರಿಬೇವು ತಂದಿದ್ದಳು. ನಾನೂ ಅಕ್ಕನೂ ಬಾಲ್ಕನಿಯಲ್ಲಿ ಬಗ್ಗಿ ನೋಡುತ್ತಿದ್ದೆವು.

"ಮೇಡಂ, ವಹೀಂ ರುಕಿಯೇ," ಎಂದು ಅವನು ಗೇಟಿನ ಒಳಗಿನಿಂದಲೇ ತಡೆದ. ಚೀಲ ಕೆಳಗಿಡಿ, ಔಷಧಿ ಹೊಡೆಯಬೇಕು ಎಂದ.

"ಭಾಯಿ ಸಾಹಬ್, ಖಾನೇ ಕಾ ಸಾಮಾನ್ ಹೈ," ಎಂದಳು ಅಮ್ಮ. ತಿನ್ನುವ ಸಾಮಾನು ಎಂದರೂ ಅವನಿಗೆ ಕೇಳಿಸಲಿಲ್ಲ. ಗೇಟಿನ ಮುದುಕ ಕಾವಲುಗಾರ ಔಷಧಿ ಹೊಡೆಯಲು ಹಿಂದೆಮುಂದೆ ನೋಡಿದ. ಆಗ ಅವನೇ ಮುದುಕನ ಕೈಯಿಂದ ಸಿಂಪಡಿಸುವ ಡಬ್ಬಿ ಕಿತ್ತುಕೊಂಡು ಚೀಲದ ಬಾಯಿ ತೆರೆಸಿ ಬ್ಲೀಚಿಂಗ್ ನೀರು ಸುರಿದ. ಆಮೇಲೆ ಅದೇ ಕೊಳವೆಯನ್ನು ಅಮ್ಮನ ಕಾಲಿನಿಂದ ಎದೆಯವರೆಗೂ ಎತ್ತಿದ. ಅಮ್ಮ ಕಣ್ಣು ಮುಚ್ಚಿಕೊಂಡು ನಿಂತಳು. ಬಟ್ಟೆ ಆರುವವರೆಗೆ ಒಂದು ಗಂಟೆ ಬಿಸಿಲಲ್ಲೇ ನಿಲ್ಲಿಸಿದ.

ಅಪ್ಪ ಕೆಳಗೆ ಓಡಿದರು. ಈಗ ಇವನಿಗೆ ಸರಿಯಾಗಿ ಹೇಳುತ್ತಾರೆ ಎಂದು ನಾನು ಬಾಲ್ಕನಿಯ ಸರಳು ಹಿಡಿದು ಕಾದೆ. ಅಪ್ಪ ಕೈ ಮುಗಿದು "ಜೀ... ಜೀ..." ಎನ್ನುತ್ತಾ ನಿಂತರು. ಬಾಡಿಗೆ ಮನೆ, ಕೆಟ್ಟ ಕಾಲ, ಎಲ್ಲಿಗೆ ಹೋಗುವುದು ಎಂದು ಅವರು ಯೋಚಿಸಿರಬೇಕು. ನನಗೆ ಅದೆಲ್ಲ ತಿಳಿಯುವ ವಯಸ್ಸಲ್ಲ. ಅಪ್ಪನ ಮೇಲೂ ಸಿಟ್ಟು ಬಂತು.

ಚೀಲದಲ್ಲಿ ಬೆಲ್ಲ ಕರಗಿ ಬಿಳಿ ಕೆಸರಾಗಿತ್ತು. ಎಲೆಗಳ ಮೇಲೆ ಸುಟ್ಟ ಹಾಗೆ ಚುಕ್ಕೆ ಎದ್ದಿದ್ದವು. ಅಕ್ಕ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕುವಾಗ ಮೂಗು ಉರಿಯುವ ವಾಸನೆ. ನಾನು ರಾತ್ರಿಯವರೆಗೂ ಯೋಚಿಸಿದೆ. ಅವನ ಕಿಟಕಿಯ ಗಾಜು ಒಡೆಯಲೇ, ಚಪ್ಪಲಿಗೆ ಸಗಣಿ ಮೆತ್ತಲೇ. ಯಾವುದೂ ಸಾಲದು ಎನಿಸಿತು.

ಹಬ್ಬದ ಬೆಳಿಗ್ಗೆ ಅಕ್ಕನೇ ಅಡುಗೆ ಮಾಡಿದಳು. ಅಮ್ಮ ಬರ್ಸಾತಿಯಿಂದ ಫೋನಿನಲ್ಲಿ ಹೇಳುವುದು, ಇವಳು ಕಲಕುವುದು. ಡಬ್ಬದ ತಳದಲ್ಲಿ ಒಂದು ಮುಷ್ಟಿ ಹಳೆಯ ಬೆಲ್ಲ ಸಿಕ್ಕಿತು. ಅದರಲ್ಲಿ ನಾಲ್ಕೇ ನಾಲ್ಕು ಒಬ್ಬಟ್ಟಾಯಿತು. ಒಂದು ಹರಿದು ಹೂರಣ ಹೊರಗೆ ಬಂದಿತ್ತು. ಬೀದಿಯ ಬೇವಿನ ಮರದಿಂದ ಅಪ್ಪ ಹೂವು ತಂದಿದ್ದರು. ಬೆಲ್ಲ ಉಳಿಯದ ಕಾರಣ ಬೇವಿಗೆ ಸಕ್ಕರೆ ಬೆರೆಸಿದೆವು. ನಿಂಬೆಹಣ್ಣಿನ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಅಷ್ಟೇ ಹಬ್ಬದ ಅಡುಗೆ. ಇಪ್ಪತ್ತೈದು ಜನ ಉಣ್ಣುತ್ತಿದ್ದ ಮನೆಯಲ್ಲಿ ನಾಲ್ಕು ಸ್ಟೀಲ್ ತಟ್ಟೆ.

ಅಮ್ಮನ ಜೊತೆಗೇ ಊಟ ಎಂದು ಅಪ್ಪ ಹಟ ಹಿಡಿದರು. ಅವಳು ಬರ್ಸಾತಿಯ ಹೊಸ್ತಿಲಲ್ಲಿ, ನಾವು ಮೂವರು ಟೆರೇಸಿನ ಈ ತುದಿಯಲ್ಲಿ ಟ್ಯಾಂಕುಗಳ ನೆರಳಿನಲ್ಲಿ ಎಂದಾಯಿತು. ಹತ್ತು ಗಂಟೆಗೆ ನಾನೂ ಅಕ್ಕನೂ ಚಾಪೆ ಹಾಸಲು ಮೇಲೆ ಹೋದೆವು. ಅಮ್ಮ ಒಳಗೆ ಸ್ನಾನಕ್ಕೆ ಹೋಗಿದ್ದಳು. ಟ್ಯಾಂಕುಗಳ ಮೇಲೆ ಬಿಳಿ ಬಣ್ಣದಲ್ಲಿ ಮನೆಯ ನಂಬರು ಬರೆದಿತ್ತು. ಒಂದನೆಯ ನಂಬರು ಅವನ ಮನೆಯದು. ಆ ಟ್ಯಾಂಕಿನ ಕೆಳಗೆ, ಮನೆಗೆ ಇಳಿಯುವ ಕೊಳವೆಯಲ್ಲಿ ತುಕ್ಕು ಹಿಡಿದ ಹಿಡಿಕೆ ಇತ್ತು. ಅದನ್ನು ನೋಡುತ್ತಿದ್ದಂತೆ ನನಗೆ ಎಲ್ಲವೂ ಹೊಳೆಯಿತು. ನೀರು ನಿಂತರೆ ಅವನು ಮೇಲೆ ಬಂದು ನೋಡಬೇಕು. ಮೇಲೆ ಅಮ್ಮ ಇದ್ದಾಳೆ, ಬರಲಾರ. ಪ್ಲಂಬರನ್ನು ಕರೆಯಬೇಕು. ಗೇಟಿನಲ್ಲಿ ಅವನದೇ ಕಾಗದ ಇದೆ.

ನಾನು ಮೊಣಕಾಲೂರಿ ಎರಡೂ ಕೈಯಿಂದ ಹಿಡಿಕೆ ತಿರುಗಿಸಿದೆ.

"ಪಾಗಲ್ ಹೈ ಕ್ಯಾ? ಅಮ್ಮಂಗೆ ಗೊತ್ತಾದ್ರೆ ಬಿಡ್ತಾಳಾ?" ಎಂದಳು ಅಕ್ಕ. ನಾನು ಕೈ ತೆಗೆಯಲಿಲ್ಲ. ಅಕ್ಕ ಒಮ್ಮೆ ಬರ್ಸಾತಿಯ ಬಾಗಿಲ ಕಡೆ ನೋಡಿದಳು. ಆಮೇಲೆ ನನ್ನ ಪಕ್ಕದಲ್ಲಿ ಕೂತು ನೋಡಿ, "ಅರ್ಧ ಬಿಟ್ಟಿದೀಯ. ಪೂರಾ ತಿರುಗಿಸು," ಎಂದಳು.

ಹನ್ನೆರಡರ ಹೊತ್ತಿಗೆ ನಾವು ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆವು. ಆಗ ಕೆಳಗಿನ ಅಂಗಳದಿಂದ ಅವನ ಕೂಗು ಕೇಳಿತು. ಒಂದು ಗಂಟೆಯಿಂದ ನಲ್ಲಿಯಲ್ಲಿ ಹನಿ ನೀರಿಲ್ಲ, ಟ್ಯಾಂಕು ಸ್ವಲ್ಪ ನೋಡಿ ಎಂದು ಅಪ್ಪನಿಗೆ ಹೇಳಿದ. ಅಪ್ಪ ಎದ್ದು ಟ್ಯಾಂಕನ್ನು ಬೆರಳಿನಿಂದ ತಟ್ಟಿದರು. ತುಂಬಿದ ಸದ್ದು. ಬಗ್ಗಿ ಕೊಳವೆ ನೋಡಿದರು. ದಿನವಿಡೀ ಕಬ್ಬಿಣ ಅಳೆಯುವವರಿಗೆ ಅದು ಕಾಣದೆ ಇರುತ್ತದೆಯೇ? ಅವರು ತಿರುಗಿ ನನ್ನ ಅಂಗೈ ನೋಡಿದರು. ತೊಳೆದರೂ ತುಕ್ಕಿನ ಕೆಂಪು ಹೋಗಿರಲಿಲ್ಲ. ಅಪ್ಪ ಗೋಡೆಯ ಅಂಚಿಗೆ ಹೋಗಿ ಬಹಳ ಮರ್ಯಾದೆಯಿಂದ ಕೆಳಗೆ ಬಗ್ಗಿದರು.

"ಟಂಕೀ ತೋ ಫುಲ್ ಹೈ, ಜೀ. ಊಪರ್ ಆಕೇ ಖುದ್ ದೇಖ್ ಲೀಜಿಯೇ."

ಮೇಲೆ ಬಂದು ನೀವೇ ನೋಡಿಕೊಳ್ಳಿ. ಅಷ್ಟು ಹೇಳಿ ಬಂದು ತಟ್ಟೆಯ ಮುಂದೆ ಕೂತರು. ಹಿಂದಿನ ದಿನದಿಂದ ಅಪ್ಪನ ಮೇಲಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ನಾನು ಕದ್ದು ಕೆಳಗೆ ನೋಡಿದೆ. ಅವನು ಸುರುಳಿ ಮೆಟ್ಟಿಲಿನ ಬುಡಕ್ಕೆ ಬಂದು ಸರಳು ಹಿಡಿದ. ಅಮ್ಮ ಹಿಡಿಯುವ ಸರಳು ಎಂದು ನೆನಪಾಗಿರಬೇಕು, ಥಟ್ಟನೆ ಕೈ ತೆಗೆದು ಕುರ್ತಾಕ್ಕೆ ಒರೆಸಿಕೊಂಡ. ಆಮೇಲೆ ಎರಡು ಬಕೆಟ್ಟು ಹಿಡಿದು ಪಾರ್ಕಿನ ನಲ್ಲಿಗೆ ಹೊರಟ. ಸುಡುವ ಬಿಸಿಲು. ಎಲ್ಲ ಬಾಲ್ಕನಿಗಳಲ್ಲೂ ಜನ. ಬಕೆಟ್ಟಿನ ನೀರು ತುಳುಕಿ ಅವನ ಪೈಜಾಮ ಒದ್ದೆಯಾಗಿತ್ತು. ನಾನು ಒಬ್ಬಟ್ಟನ್ನು ಚೂರು ಚೂರು ಮುರಿದು, ಅವನು ಒಂದು ಸಲ ಹೋಗಿ ಬಂದಾಗಲೆಲ್ಲ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಅಷ್ಟು ರುಚಿಯಾದ ಒಬ್ಬಟ್ಟು ನಾನು ಆಮೇಲೆ ತಿಂದಿಲ್ಲ.

ಮೂರನೆಯ ಸಲ ಅವನು ಬಕೆಟ್ಟನ್ನು ಅಂಗಳದಲ್ಲಿ ಇಟ್ಟು ತಲೆ ಎತ್ತಿ ನೋಡಿದ. ಈ ಸಲ ಅವನು ಕರೆದದ್ದು ಅಪ್ಪನನ್ನಲ್ಲ. "ಮೇಡಂ," ಎಂದ. ಮಾತಾಜಿಗೆ ನಿನ್ನೆಯಿಂದ ಜ್ವರ ಎಂದ. "ಸಾಂಸ್ ಫೂಲ್ ರಹೀ ಹೈ, ಮೇಡಂ." ಉಸಿರು ಮೇಲಕ್ಕೆ ಹತ್ತುತ್ತಿದೆ. ನಿನ್ನೆ ಅಮ್ಮನ ಮೇಲೆ ಔಷಧಿ ಸುರಿಯುವಾಗಲೇ ಅವನ ಮನೆಯೊಳಗೆ ಜ್ವರ ಇತ್ತು. ಬೀದಿಗೆ ತಿಳಿಯಬಾರದೆಂದು ಮುಚ್ಚಿಟ್ಟಿದ್ದ.

ಅಮ್ಮ ಅರ್ಧ ತಿಂದ ತಟ್ಟೆ ಬಿಟ್ಟು ಎದ್ದಳು. "ಕೆಳಗೆ ನೀರು ಯಾಕೆ ಹೋಗ್ತಿಲ್ಲ?" ಎಂದು ಕೇಳಿದಳು. ನಾನು ಕೋಸಂಬರಿಯಲ್ಲಿ ಬೇಳೆ ಎಣಿಸುತ್ತಿದ್ದೆ. ಅಮ್ಮ ನೇರವಾಗಿ ಒಂದನೆಯ ಟ್ಯಾಂಕಿನ ಬಳಿ ಹೋಗಿ ಹಿಡಿಕೆ ತಿರುಗಿಸಿದಳು. ಕೊಳವೆಯಲ್ಲಿ ನೀರು ಧುಮುಕುವ ಸದ್ದಾಯಿತು. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ಚೆನ್ನಾಗಿತ್ತು. ಮಾಸ್ಕು, ಗ್ಲೌಸು, ನೀಲಿ ಗೌನು ಹಾಕಿಕೊಂಡು ಹೊರಟಳು. ಹಿಂಬದಿಯ ಮೆಟ್ಟಿಲಲ್ಲಿ ಅಲ್ಲ, ಮುಂದಿನ ಮೆಟ್ಟಿಲಲ್ಲಿ, ಪ್ರತಿ ಅಂತಸ್ತಿನ ಬಾಗಿಲ ಮುಂದೆ ಹಾದು ಇಳಿದಳು.

ನಾವು ಬಾಲ್ಕನಿಗೆ ಓಡಿದೆವು. ಅವನು ಅಮ್ಮನ ಹಿಂದೆ ತನ್ನ ಮನೆಯೊಳಗೆ ಹೋಗಲು ಬಂದ. ಅಮ್ಮ ಕೈ ಅಡ್ಡ ಹಿಡಿದಳು. "ಆಪ್ ಬಾಹರ್ ರುಕಿಯೇ. ಗೇಟ್ ಕೇ ಬಾಹರ್." ಅವನು ಏನೋ ಹೇಳಲು ಹೋದ, ಅಮ್ಮ ಆಗಲೇ ಒಳಗೆ ಹೋಗಿದ್ದಳು. ಅವನು ಹೋಗಿ ಗೇಟಿನ ಆಚೆ ನಿಂತ. ಒಂದು ಗಂಟೆಗೂ ಹೆಚ್ಚು ಹೊತ್ತು ಬಿಸಿಲಲ್ಲಿ ನಿಂತ. ಮುದುಕ ಕಾವಲುಗಾರ ತನ್ನ ಸ್ಟೂಲಿನಿಂದ ಏಳಲಿಲ್ಲ.

ಒಳಗಿನಿಂದ ಅಮ್ಮನ ಫೋನಿನ ಮಾತು ಕೇಳುತ್ತಿತ್ತು. ಯಾವ ಆಸ್ಪತ್ರೆಯಲ್ಲೂ ಹಾಸಿಗೆ ಇಲ್ಲದ ಕಾಲ ಅದು. ಎಷ್ಟೋ ಜನರನ್ನು ಕೇಳಿ ಕೊನೆಗೆ ಒಂದು ಹಾಸಿಗೆ ಹಿಡಿದಳು. ಪಕ್ಕದ ಕಟ್ಟಡದವರ ಕಾರಿನಲ್ಲಿ ಮಾತಾಜಿಯನ್ನು ಎದೆಗೆ ಒರಗಿಸಿಕೊಂಡು ತಾನೇ ಕರೆದುಕೊಂಡು ಹೋದಳು. ಅವಳ ತಟ್ಟೆಯ ಅರ್ಧ ಒಬ್ಬಟ್ಟಿಗೆ ಇರುವೆ ಮುತ್ತಿದವು.

ಮಾತಾಜಿ ಎರಡು ವಾರದ ಮೇಲೆ ಸೊರಗಿ ವಾಪಸು ಬಂದರು. ಕೆಂಪು ಪೆನ್ನಿನ ಕಾಗದ ಹರಿದುಹೋಗಿತ್ತು. ಅವನು ಅಮ್ಮನ ಕ್ಷಮೆ ಕೇಳಲಿಲ್ಲ, ಒಂದು ದಿನವೂ ಕೇಳಲಿಲ್ಲ. ನಾನೂ ಒಬ್ಬರ ಕ್ಷಮೆ ಕೇಳಬೇಕಿತ್ತು. ಮಾತಾಜಿ ಅಕ್ಕನ ಹತ್ತಿರ ಆ ದಿನದ ಮಾತಾಡುತ್ತಾ, ಮೈ ಬೆಂಕಿಯ ಹಾಗೆ ಸುಡುತ್ತಿತ್ತು ಬೇಟಾ, ಪಾರ್ಕಿನಿಂದ ತರುವವರೆಗೆ ಹಣೆಗೆ ಒದ್ದೆ ಬಟ್ಟೆ ಹಾಕಲು ಕೂಡ ನೀರಿರಲಿಲ್ಲ ಎಂದರು. ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಂಡೆ.

ಅಮ್ಮನನ್ನು ಮಾತ್ರ ದೊಡ್ಡವನಾದ ಮೇಲೆ ಕೇಳಿದೆ. ಅವನನ್ನು ಬಿಸಿಲಲ್ಲಿ ನಿಲ್ಲಿಸಿದ್ದು ಆಸ್ಪತ್ರೆಯ ನಿಯಮವೋ, ಸೇಡೋ ಎಂದು. ಅಮ್ಮ ಬಟ್ಟೆ ಮಡಿಸುತ್ತಿದ್ದಳು. "ಎರಡೂ," ಎಂದಳು.

ನಿಮ್ಮ ಕಾಲ ಬೇರೆ ಮಕ್ಕಳೇ. ನಿಮ್ಮ ಮನೆಯಲ್ಲಿ ಯಾವ ಹೊತ್ತಿಗೆ ತಿರುಗಿಸಿದರೂ ನಲ್ಲಿಯಲ್ಲಿ ನೀರು. ನೀವು ಮಾಸ್ಕು ಹಾಕುವುದು ಚಳಿಗಾಲದ ಹೊಗೆಗೆ, ಮನುಷ್ಯರ ಉಸಿರಿಗೆ ಹೆದರಿ ಅಲ್ಲ. ಕಳೆದ ಯುಗಾದಿಗೆ ಮೂವತ್ತು ಜನ ಬಂದು, ಕೂರಲು ಜಾಗ ಸಾಲದೆ ನೀವು ಮುಖ ಊದಿಸಿಕೊಂಡು ಅಡುಗೆಮನೆಯಲ್ಲಿ ಉಂಡಿರಿ. ನಿಮಗೆ ಜ್ವರ ಬಂದರೆ ನಿಮ್ಮಮ್ಮ ಪಕ್ಕದಲ್ಲೇ ಮಲಗುತ್ತಾಳೆ. ಆದರೆ ಸಿಟ್ಟು ಅದೇ ಇದೆ. ನಿಮ್ಮಲ್ಲಿ ದೊಡ್ಡವನು ನಿನ್ನೆ ಎದುರುಮನೆಯ ಹುಡುಗನ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟು ಬಂದಿದ್ದಾನೆ. ಆ ಹುಡುಗ ಇವನ ತಂಗಿಯನ್ನು ಅಳಿಸಿದ್ದನಂತೆ. ಇವನಿಗೆ ಬುದ್ಧಿ ಹೇಳಿ ಎಂದು ನಿಮ್ಮಮ್ಮ ನನ್ನ ಹತ್ತಿರ ಕಳಿಸಿದ್ದಾಳೆ.

ಬಾ ಇಲ್ಲಿ. ನಾನು ಬೈಯುವುದಿಲ್ಲ, ಅವನ ಕ್ಷಮೆ ಕೇಳು ಎಂದೂ ಹೇಳುವುದಿಲ್ಲ. ಒಂದೇ ಮಾತು ಕೇಳುತ್ತೇನೆ. ಆ ಮನೆಯಲ್ಲಿ ಆ ಸೈಕಲ್ಲನ್ನು ಬೇರೆ ಯಾರು ಓಡಿಸುತ್ತಾರೆ? ಅವನ ಅಪ್ಪ ಬೆಳಿಗ್ಗೆ ಅದರಲ್ಲೇ ಕೆಲಸಕ್ಕೆ ಹೋಗುವುದು ಎಂದು ಮೊದಲೊಮ್ಮೆ ನೀನೇ ಹೇಳಿದ್ದೆಯಲ್ಲ. ಗಾಳಿ ಹಾಕುವ ಪಂಪು ಬಾಗಿಲ ಹಿಂದೆ ಇದೆ, ತೆಗೆದುಕೊಂಡು ಹೋಗು.