ನೀರಿನ ಗಳದ ಫಕೀರೇಶ

ಹಗ್ಗಕ್ಕೆ ಜೋತುಬಿದ್ದು ಮಾಳಮಡ್ಡಿಯ ಅಪಾರ್ಟ್‌ಮೆಂಟುಗಳ ಕಿಟಕಿ ಒರೆಸುತ್ತಿದ್ದ ಫಕೀರೇಶ, ಎರಡು ಸಾವಿರದ ಎಂಟರಲ್ಲಿ ನೀರಿನ ಗಳ ತಂದ. ಒಳಗೆ ಪೈಪು, ತುದಿಗೆ ಬ್ರಶ್ಶು. ನೆಲದ ಮೇಲೆ ನಿಂತೇ ಮೂರನೇ ಮಹಡಿ ತೊಳೆಯಬಹುದು. ಅಂದಿನಿಂದ ಅವನ ಕತ್ತು ಕೆಳಗಿಳಿದಿಲ್ಲ. ಎದುರಿಗೆ ನಿಂತವರನ್ನೂ ಮುಗಿಲು ನೋಡುತ್ತಲೇ ಮಾತಾಡಿಸುತ್ತಾನೆ. ಯಾರಾದರೂ ಬಟ್ಟೆ ಹಿಡಿದು ಬಂದರೆ, "ಒರಸಬ್ಯಾಡ್ರಿ, ಫಿಲ್ಟರ್ ನೀರದು, ಕಲಿ ಉಳಿಯಂಗಿಲ್ಲ, ತಾನ ಒಣಗತೈತಿ" ಎಂದು, ಆಗಷ್ಟೇ ಹಾಕಿದ ರಂಗೋಲಿಯಂತೆ ಗಾಜು ಕಾಯುತ್ತಾನೆ. ಮೊದಲೆಲ್ಲ ಕಿಟಕಿಯಿಂದಲೇ ಚಹಾ ಕೊಡುತ್ತಿದ್ದ ಮೂರನೇ ಮಹಡಿಯ ಕಾಳವ್ವಜ್ಜಿಗೆ ತನ್ನ ಹಳೆಯ ಹಗ್ಗ ಕೊಟ್ಟು, "ಯವ್ವಾ, ಇನ್ನ ಇದಕ್ಕ ಚಾದ ಬುಟ್ಟಿ ಕಟ್ರಿ" ಎಂದಿದ್ದಾನೆ. ಬುಟ್ಟಿ ನೆಲ ಮುಟ್ಟುವವರೆಗೆ ಅಜ್ಜಿ ಎರಡೂ ಕೈಯಲ್ಲಿ ಹಗ್ಗ ಹಿಡಿದು ಉಸಿರು ಬಿಗಿಹಿಡಿಯುತ್ತಾಳೆ. ಆಮೇಲೆ, ಬೆಳಗಿನಿಂದ ನೆಲದ ಮೇಲೇ ನಿಂತವನನ್ನು ಹಿಂದಿನಂತೆಯೇ ಕೂಗಿ ಕೇಳುತ್ತಾಳೆ: "ಸುಸೂತ್ರ ಇಳದಿಯೇನಪಾ?"