ಕೊನೆಯ ನಂಬರಿನ ಆಪಾ

ಆಪಾ ಬಲಗಿವಿಗೆ ಮಾತ್ರ ಓಲೆ ಹಾಕುತ್ತಿದ್ದರು. ಎಡಗಿವಿ ಬೋಳು. ದಿನವಿಡೀ ರಿಸೀವರ್ ಒತ್ತಿ ಒತ್ತಿ ಆ ಕಿವಿಯ ಅಂಚು ಕೆಂಪಗೆ, ಸ್ವಲ್ಪ ಚಪ್ಪಟೆಯಾಗಿತ್ತು. ಮದುವೆಗೆ ಹೋದರೂ ಹಾಗೇ. ಯಾರಾದರೂ ಕೇಳಿದರೆ, "ಆ ಕಿವಿ ಆಸ್ಪತ್ರಿದೈತ್ರಿ, ಈ ಕಿವಿ ನಂದು" ಎನ್ನುತ್ತಿದ್ದರು.

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಇದ್ದ ನಮ್ಮ ಖಾಸಗಿ ಆಸ್ಪತ್ರೆಗೆ ಅವರೇ ಹಿರಿಯ ಟೆಲಿಫೋನ್ ಆಪರೇಟರ್. ಕೂರುತ್ತಿದ್ದುದು ಯಾದಗಿರಿಯಲ್ಲಿ. ನಾನು ಶಹಾಪುರದ ಫೋನ್ ಕೌಂಟರಿನವಳು, ಕೆಲಸ ಕಲಿತದ್ದು ಅವರ ಕೈಕೆಳಗೆ. ಆಪಾ ಎಂದರೆ ಅಕ್ಕ, ಎಲ್ಲರೂ ಹಾಗೇ ಕರೆಯುತ್ತಿದ್ದೆವು. ಮನೆಯಲ್ಲಿ ದಖನಿ ಉರ್ದು, ಕೌಂಟರಿನಲ್ಲಿ ನಮಗಿಂತ ಗಟ್ಟಿ ಕನ್ನಡ. ಬೈದರೆ ಎರಡರಲ್ಲೂ ಬೈಯುತ್ತಿದ್ದರು, ಬೈದ ಮೇಲೆ ಚಹಾ ತರಿಸುತ್ತಿದ್ದರು. ಫೋನ್ ಎತ್ತಿ ಬರೀ 'ಹಲೋ' ಎಂದರೆ ಅವರಿಗೆ ಸೇರುತ್ತಿರಲಿಲ್ಲ. "ಹಲೋ ಅಂದ್ರ ಯಾರಂತ ಅವರಿಗೇನ್ ಗೊತ್ತು? ಊರ್ ಹೆಸರ್ ಹೇಳು, ಆಮ್ಯಾಲ 'ಹೇಳ್ರಿ' ಅನ್ನು. ಹೆದರಿದವರು ಫೋನ್ ಹಚ್ಚಿರ್ತಾರ."

ಮೂರೂ ಊರಿನ ಫೋನುಗಳನ್ನು ಒಂದೇ ಜಾಲಕ್ಕೆ ಸೇರಿಸುವುದೆಂದಾಗ ತಕರಾರು ಶುರುವಾಯಿತು. ಅಲ್ಲಿಯವರೆಗೆ ಒಂದೊಂದು ಊರಿಗೆ ಒಂದೊಂದು ಲೆಕ್ಕ. ಹನ್ನೆರಡು ಒತ್ತಿದರೆ ಸುರಪುರದಲ್ಲಿ ಹೆರಿಗೆ ವಾರ್ಡು, ಯಾದಗಿರಿಯಲ್ಲಿ ಕ್ಯಾಂಟೀನು. ಆಪಾ ಹೊಸ ಕ್ರಮ ಹಾಕಿದರು: ಮೊದಲ ಅಂಕಿ ಊರಿಗೆ, ಉಳಿದೆರಡು ವಿಭಾಗಕ್ಕೆ. ಹೆರಿಗೆ ವಾರ್ಡು ಯಾವ ಊರಿನದಾದರೂ ಕೊನೆಯೆರಡು ಅಂಕಿ ಒಂದೇ. ಇದನ್ನು ಎಲ್ಲರೂ ಒಪ್ಪಿದರು. ಜಗಳ ಹತ್ತಿದ್ದು ಮುಂದಿನ ಮಾತಿಗೆ. ಒಂದು ಊರಿನಲ್ಲಿ ಯಾರೂ ಎತ್ತದ ಕರೆ ಮುಂದೆ ಯಾವ ಊರಿಗೆ ಹೋಗಬೇಕು, ಕೊನೆಗೆ ಯಾರ ಹತ್ತಿರ ನಿಲ್ಲಬೇಕು?

"ನಮ್ಮದು ಅರಸರ ಊರ್ರಿ. ಮಂದಿ ಬಿಟ್ಟ ಫೋನ್ ನಾವ್ಯಾಕ ಎತ್ತಬೇಕು?" ಎಂದರು ಸುರಪುರದ ಮ್ಯಾನೇಜರು. "ಜಿಲ್ಲಾ ನಮ್ಮದೈತಿ" ಎಂದರು ಯಾದಗಿರಿಯವರು. ಶಹಾಪುರದವರಾದ ನಾವು ಸುಮ್ಮನಿದ್ದೆವೆಂದರೆ ಯಾರೂ ನಂಬುವುದಿಲ್ಲ. ಆಪಾಗೆ ಸಾಕಾಯಿತು. ಯಾರೂ ಕೊನೆಯಾಗದಂತೆ ಕರೆಯನ್ನು ಸುತ್ತು ಹಾಕಿಸಿಬಿಟ್ಟರು. ಸುರಪುರದ್ದು ಶಹಾಪುರಕ್ಕೆ, ಶಹಾಪುರದ್ದು ಯಾದಗಿರಿಗೆ, ಯಾದಗಿರಿಯದು ಮತ್ತೆ ಸುರಪುರಕ್ಕೆ. ಎಲ್ಲರ ಮರ್ಯಾದೆಯೂ ಉಳಿಯಿತು.

ಆ ವರ್ಷದ ಎಳ್ಳು ಅಮಾವಾಸ್ಯೆಗೆ, ನಮ್ಮ ಕಡೆಯ ಎಳ್ಳಮಾಸಿಗೆ, ನಾನು ರಜೆ ಹಾಕಿ ಕೆಂಭಾವಿ ಕಡೆಯ ನಮ್ಮ ಹೊಲಕ್ಕೆ ಹೋಗಿದ್ದೆ. ಭೂತಾಯಿಗೆ ಎಡೆಯಾಗಿ ಪೈರಿನ ಮೇಲೆ ಚರಗ ಚೆಲ್ಲಿ, ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿಯ ಮೇಲೆ ಕಾಳು-ಸೊಪ್ಪಿನ ಪಲ್ಯ, ಭಜ್ಜಿ, ಹಾಕಿಕೊಂಡು ಕೂತಿದ್ದೆವು. ತುಂಬಿದ ಬಸುರಿಯಾಗಿದ್ದ ನನ್ನ ತಂಗಿ ನೀರಿಗೆಂದು ಎದ್ದವಳು ಅಲ್ಲೇ ಕುಸಿದಳು. ಸೀರೆಯೆಲ್ಲ ರಕ್ತ. ಆಂಬುಲೆನ್ಸಿಗಾಗಿ ನಮ್ಮದೇ ಸುರಪುರದ ಆಸ್ಪತ್ರೆಗೆ ಫೋನ್ ಹಚ್ಚಿದೆ. ರಿಂಗಾಯಿತು, ಆಮೇಲೆ ಸಣ್ಣದೊಂದು ಟಕ್ ಸದ್ದು, ಮತ್ತೆ ರಿಂಗು. ಬೇರೆ ಯಾರಿಗಾದರೂ ಅದು ತಿಳಿಯುತ್ತಿರಲಿಲ್ಲ. ನನಗೆ ತಿಳಿಯಿತು, ಈಗ ಶಹಾಪುರ. ಮತ್ತೊಂದು ಟಕ್, ಈಗ ಯಾದಗಿರಿ. ಮತ್ತೊಂದು. ಕರೆ ತಿರುಗಿ ಸುರಪುರಕ್ಕೇ ಬಂದಿತ್ತು. ಹಬ್ಬದ ದಿನ, ಅರ್ಧ ಜನ ಹೊಲದಲ್ಲಿ. ಕೆಲಸಕ್ಕೆ ಬಂದವರು, ನಾವು ಎತ್ತದಿದ್ದರೆ ಮುಂದಿನ ಊರಿನವರು ಎತ್ತುತ್ತಾರೆಂದು ಕೈಯಲ್ಲಿದ್ದ ಕೆಲಸ ಬಿಟ್ಟಿರಲಿಲ್ಲ. ರಿಂಗು ಮೂರೂ ಊರು ಸುತ್ತುತ್ತಲೇ ಇತ್ತು.

ಕಟ್ ಮಾಡಿ ಆಪಾರ ಮೊಬೈಲಿಗೆ ಹಚ್ಚಿದೆ. ಅವರಿಗೂ ಅಂದು ರಜೆ. ನಾನು ಅಳುತ್ತಾ ಏನು ಹೇಳಿದೆನೋ, ಅವರು ಕೇಳಿದ್ದು ಒಂದೇ, "ಯಾವ ದಾರಿ ಮ್ಯಾಲ ಅದೀರಿ?" ಸುರಪುರದ ಡ್ರೈವರನ ಮೊಬೈಲಿಗೆ ಅವರೇ ಫೋನ್ ಮಾಡಿ ಗಾಡಿ ಹೊರಡಿಸಿದರು, ಡಾಕ್ಟರಮ್ಮನನ್ನು ಮನೆಯಿಂದ ಕರೆಸಿದರು. ತಂಗಿ ಉಳಿದಳು. ಹೆಣ್ಣು ಕೂಸೂ ಉಳಿಯಿತು.

ಮರುದಿನ ವಾರ್ಡಿಗೆ ಬಂದ ಆಪಾಗೆ ನಾನು ಕೈ ಮುಗಿದೆ. ಸಿಟ್ಟಿಗೆದ್ದರು.

"ಕೈ ಮುಗೀಬ್ಯಾಡ. ಎಲ್ಲಾರ ಮಾನಾ ಉಳಸಾಕ ಹೋಗಿ ನಾನ ತಪ್ಪು ಮಾಡೀನಿ. ನಿನಗ ನನ್ನ ನಂಬರ್ ಗೊತ್ತಿತ್ತು ಬೇಟಾ. ಗೊತ್ತಿಲ್ಲದಾಕಿ ಯಾರಿಗಿ ಹಚ್ಚಬೇಕಿತ್ತು?"

ಈ ಸಲ ಅವರು ಯಾವ ಮ್ಯಾನೇಜರನ್ನೂ ಕೇಳಲಿಲ್ಲ. ಸುತ್ತು ತೆಗೆಸಿ, ಮೂರೂ ಊರಿನವರು ಎತ್ತದ ಕರೆ ತಮ್ಮ ಮೊಬೈಲಿಗೆ ಬಂದು ನಿಲ್ಲುವಂತೆ ಮಾಡಿಸಿದರು. ನಿವೃತ್ತಿಯಾದ ಮೇಲೂ ಅದನ್ನು ಬದಲಿಸಗೊಡಲಿಲ್ಲ. ರಂಜಾನಿನ ಉಪವಾಸ, ರೋಜಾ, ಬಿಡುವ ಹೊತ್ತಿನಲ್ಲಿ, ಖರ್ಜೂರ ಬಾಯಲ್ಲಿರುವಾಗಲೇ, ಯಾರಿಗೋ ಕಣ್ಣಿನ ಡಾಕ್ಟರು ಬರುವ ವಾರ ಹೇಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಆಪಾ ತೀರಿಕೊಂಡ ದಿನ, ಮಣ್ಣು ಮಾಡಿ ಬಂದ ಅವರ ಮಗ ಫೋನನ್ನು ನನ್ನ ಕೈಗಿಟ್ಟು ಕೇಳಿದ, "ಇದು ಇನ್ನಾ ಬಡಕೊಳ್ಳಾಕತ್ತೈತಿ ಅಕ್ಕಾ. ಏನ್ ಮಾಡ್ಲಿ?" ಮರುದಿನವೇ ಆ ಜಾಗಕ್ಕೆ ನನ್ನ ನಂಬರು ಹಾಕಿಸಿದೆ. ಬರುವವು ಹೆಚ್ಚಾಗಿ ಕೆಲಸಕ್ಕೆ ಬಾರದ ಕರೆಗಳೇ. ಎಷ್ಟೋ ಸಲ ರೇಗುತ್ತದೆ. ಆದರೂ ಎತ್ತುತ್ತೇನೆ.

ಹೋದ ಎಳ್ಳಮಾಸಿಗೆ ಹೊಲದಲ್ಲಿ ಊಟಕ್ಕೆ ಕೂತಾಗ ಫೋನ್ ರಿಂಗಾಯಿತು. ನನ್ನ ತಾಟಿಗೆ ಭಜ್ಜಿ ಬಡಿಸುತ್ತಿದ್ದ ತಂಗಿಯ ಮಗಳು, "ದೊಡ್ಡವ್ವಾ, ನೀ ಉಣ್ಣು. ಮತ್ಯಾರರ ಎತ್ತತಾರ ಬಿಡು" ಎಂದಳು.

ಆಪಾ ಅಂದು ಹಾಗಂದುಕೊಂಡಿದ್ದರೆ, ಇದನ್ನು ಹೇಳಲು ಇವಳೇ ಇರುತ್ತಿರಲಿಲ್ಲ. ಕೈ ಒರೆಸಿಕೊಂಡು ಫೋನ್ ಎತ್ತಿದೆ.