ರಘೋತ್ತಮನ ಬಲಗಡೆ

ರಘೋತ್ತಮನನ್ನು ನಾನು ಮೊದಲು ನೋಡಿದ್ದು ಅಮೆರಿಕದ ಆನ್ ಆರ್ಬರ್‌ನಲ್ಲಿ, ನನ್ನ ಮಗ ಹರಿಯ ಮನೆಯ ಮುಂದೆ. ೧೯೭೬ರ ಏಪ್ರಿಲ್ ತಿಂಗಳು. ಹಿಮ ಕರಗಿ ಹುಲ್ಲೆಲ್ಲ ಕೆಸರಾಗಿತ್ತು. ನಾನು ಕಿಟಕಿಯ ಹತ್ತಿರ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ಉದ್ದನೆಯ ಕಂದು ಬಣ್ಣದ ಕಾರೊಂದು ಬಂದು, ಮನೆಯ ಕಡೆ ತಿರುಗುವಾಗ ರಸ್ತೆ ಅಂಚಿನ ಟಪಾಲು ಡಬ್ಬಿಯ ಕಂಬಕ್ಕೆ ತಗುಲಿತು. ಕಂಬ ವಾಲಿತು. ಕಾರಿನಿಂದ ಇಳಿದವನು ಕೋಟು ಬಿಚ್ಚಿಟ್ಟು, ಕಂಬವನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಬೂಟುಗಾಲಿನಿಂದ ಮಣ್ಣು ತುಳಿದು, ಆಮೇಲೆ ಬಾಗಿಲು ತಟ್ಟಿದ.

“ಸಾರಿ ಹರಿ, ನಿಮ್ಮ ಡಬ್ಬಿ ನನ್ನ ದಾರಿಗೆ ಅಡ್ಡ ಬಂತು,” ಎಂದ. ಹರಿ ನಕ್ಕ. ನಾನೂ ನಕ್ಕೆ.

ಅವನು ಬಂದದ್ದು ನನ್ನ ಸಲುವಾಗಿಯೇ. ಆಗೆಲ್ಲ ಇಂಗ್ಲಿಷ್ ಬಾರದ ಮುದುಕಿಯರನ್ನು ಊರಿಗೆ ಒಬ್ಬರನ್ನೇ ಕಳಿಸುತ್ತಿರಲಿಲ್ಲ. ಪರಿಚಯದವರು ಯಾರಾದರೂ ಹೊರಟಿದ್ದರೆ ಅವರ ಜೊತೆ ಮಾಡಿ ಕಳಿಸುತ್ತಿದ್ದರು. ಜೊತೆ ಸಿಗುವ ತನಕ ಕಾಯಬೇಕು. ನಾನು ಚಳಿಗಾಲವಿಡೀ ಕಾದು ಸಾಕಾಗಿದ್ದೆ. ಡೆಟ್ರಾಯಿಟ್ ಕಡೆಯ ನಮ್ಮವರಲ್ಲಿ ಆ ಬೇಸಿಗೆಗೆ ಹೊರಟವರು ರಘೋತ್ತಮನ ಮನೆಯವರು ಮಾತ್ರ. ಆದರೆ ಅವರು ನೇರವಾಗಿ ಹೋಗುವವರಲ್ಲ. ಜರ್ಮನಿಯಲ್ಲಿ ಇಳಿದು, ಬಾಡಿಗೆಗೆ ವ್ಯಾನು ಹಿಡಿದು, ಸ್ವಿಟ್ಜರ್ಲೆಂಡ್ ದಾಟಿ ಇಟಲಿಯ ರೋಮ್ ತನಕ ರಸ್ತೆಯಲ್ಲೇ ಹೋಗಿ, ಅಲ್ಲಿಂದ ಬೊಂಬಾಯಿಗೆ ವಿಮಾನ ಹತ್ತುವವರು.

“ಮೂರು ವಾರ ಆಗತ್ತಮ್ಮ. ನಿಮ್ಮ ಕೈಲಿ ಆಗತ್ತಾ?” ಎಂದು ಕೇಳಿದ.

“ಕೂತಿರೋದು ತಾನೆ? ಒಂದು ಒಲೆ ಕೊಡಿ, ನನ್ನ ಅಡಿಗೆ ನಾನು ಮಾಡ್ಕೋತೀನಿ,” ಎಂದೆ.

“ನಿಮ್ಮದರ ಜೊತೆ ನಮ್ಮದೂ ಮಾಡಿ ಹಾಕಿದ್ರೆ ಒಲೆ ಏನು, ಬಂಗಾರದ ಒಲೇನೇ ಕೊಡ್ತೀನಿ.”

ಹೀಗೆ ಒಪ್ಪಂದವಾಯಿತು. ನನ್ನ ದೊಡ್ಡ ಮಗ ಬದುಕಿದ್ದರೆ ಅವನದೇ ವಯಸ್ಸು ರಘೋತ್ತಮನಿಗೆ. ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ. ಮೈಸೂರಿನವನು. ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಮನೆ. ಕಾರಿನ ಬ್ರೇಕು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರು. ಹೊಸ ಬ್ರೇಕು ಬಂದಾಗ ತಾನೇ ಕಾರನ್ನು ಜೋರಾಗಿ ಓಡಿಸಿ, ತಟ್ಟನೆ ನಿಲ್ಲಿಸಿ ನೋಡುವುದು ಅವನ ಕೆಲಸ.

ಆಗ ನಮಗೆ ಯಾರಿಗೂ ತಿಳಿಯದಿದ್ದ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ರಘೋತ್ತಮನ ಬಲಗಣ್ಣು ಹೋಗಿತ್ತು. ಕಣ್ಣಿನೊಳಗೆ ಒತ್ತಡ ಏರಿ ನರ ಸಾಯುವ ಕಾಯಿಲೆ. ಎಡಗಣ್ಣಿನ ಅಂಚೂ ಮಸುಕಾಗತೊಡಗಿತ್ತು. ಡಾಕ್ಟರೊಬ್ಬರಿಗೇ ಗೊತ್ತು. ಹೆಂಡತಿಗೂ ಹೇಳಿರಲಿಲ್ಲ. ಹೇಳಿದರೆ ಕಾರು ಓಡಿಸುವುದನ್ನು ಬಿಡಬೇಕಾಗುತ್ತಿತ್ತು. ಅವರ ಕಡೆ ಬಸ್ಸಿಲ್ಲ, ನಡೆದು ಹೋಗಿ ತರೋಣವೆಂದರೆ ಹಾಲೂ ಸಿಗುವುದಿಲ್ಲ. ಅಲ್ಲಿ ಕಾರು ಬಿಟ್ಟ ಗಂಡಸು ಕೆಲಸವನ್ನೂ ಬಿಟ್ಟು ಮನೆ ಹಿಡಿದ ಹಾಗೆಯೇ. ಅದೊಂದು ಆಗಬಾರದು ಎಂದು ಅವನು ಒಂದು ವರ್ಷದಿಂದ ಎಲ್ಲರ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದ.

ಜುಲೈ ತಿಂಗಳಲ್ಲಿ ಹೊರಟೆವು. ಅವನು, ಹೆಂಡತಿ ಪದ್ಮಜಾ, ಮಗಳು ಛಾಯಾ, ನಾನು. ಛಾಯಾ ಆಗ ತಾನೇ ಆನ್ ಆರ್ಬರ್‌ನಲ್ಲಿ ಓದು ಮುಗಿಸಿ ಕೆಲಸ ಹಿಡಿದಿದ್ದಳು. ರೋಮಿನಿಂದ ಅವಳೊಬ್ಬಳೇ ಹಿಂದಿರುಗುವವಳು. ಅಪ್ಪ ಒಂದು ಹೊತ್ತು, ಮಗಳು ಒಂದು ಹೊತ್ತು ಓಡಿಸುವುದೆಂದು ಮಾತಾಗಿತ್ತು. ಫ್ರಾಂಕ್‌ಫರ್ಟ್‌ನಲ್ಲಿ ವ್ಯಾನಿನೊಳಗೆ ಬಗ್ಗಿ ನೋಡಿದರೆ ಉದ್ದನೆಯ ಗೇರಿನ ಕಡ್ಡಿ. ಛಾಯಾಳಿಗೆ ಅಮೆರಿಕದ ಆಟೊಮ್ಯಾಟಿಕ್ ಕಾರು ಬಿಟ್ಟು ಬೇರೆ ಬರುತ್ತಿರಲಿಲ್ಲ.

“ಟೀಚ್ ಮಿ, ಅಪ್ಪ. ಒನ್ ಅವರ್ ಸಾಕು,” ಎಂದಳು.

“ನೀನು ರಜಾದಲ್ಲಿ ಬಂದಿರೋದು ಕಣೆ. ಹಿಂದೆ ಕೂತು ಹಸು ನೋಡು.”

“ಐ ಹ್ಯಾವ್ ಸೀನ್ ಕೌಸ್.”

“ಬಿಡೇ, ಸ್ಟೀರಿಂಗ್ ಇನ್ನೊಬ್ಬರಿಗೆ ಕೊಡೋ ಪೈಕಿಯಲ್ಲ ನಿಮ್ಮಪ್ಪ,” ಎಂದಳು ಪದ್ಮಜಾ. “ಅಮೆರಿಕಕ್ಕೆ ಬಂದಾಗಿಂದ ನನಗೂ ಡ್ರೈವಿಂಗ್ ಕಲಿಸ್ತೀನಿ ಅಂತಲೇ ಇದಾರೆ. ಈಗ ನನ್ನ ಕೂದಲು ಬೆಳ್ಳಗಾಯ್ತು.”

ಪದ್ಮಜಾ ಮುಂದೆ ಕೂತರೆ ಎದುರಿಗೆ ಬರುವ ಲಾರಿ ಕಂಡು ಕಿರಿಚುವವಳು. ಆದ್ದರಿಂದ ಮುಂದಿನ ಸೀಟು ನನಗೆ ಬಂತು. ಅಲ್ಲಿನ ಗಾಡಿಗಳಲ್ಲಿ ಸ್ಟೀರಿಂಗು ಎಡಕ್ಕಿರುವುದರಿಂದ ಅದು ಅವನ ಬಲಗಡೆ. ಹೊರಟು ಸ್ವಲ್ಪ ಹೊತ್ತಾಗಿರಬೇಕು, ರಘೋತ್ತಮ ಹೇಳಿದ:

“ಅಮ್ಮ, ಬಲಗಡೆ ಏನೇನು ಬರತ್ತೋ ಹೇಳ್ತಾ ಇರಿ. ನಾನು ರಸ್ತೆ ನೋಡ್ಬೇಕಲ್ಲ, ಊರು ನೋಡೋಕಾಗಲ್ಲ. ನಿಮಗೂ ಹೊತ್ತು ಹೋಗತ್ತೆ.”

ಎಷ್ಟು ಒಳ್ಳೆಯ ಹುಡುಗ, ಮುದುಕಿಗೆ ಬೇಜಾರಾಗದ ಹಾಗೆ ನೋಡಿಕೊಳ್ಳುತ್ತಾನೆ ಎಂದುಕೊಂಡೆ. ಕಂಡದ್ದನ್ನು ಕಂಡ ಹಾಗೆ ಹೇಳುತ್ತಾ ಹೋದೆ. “ಹುಲ್ಲಿನ ಮೆದೆ. ಪಕ್ಕದಲ್ಲಿ ನೀಲಿ ಟ್ರ್ಯಾಕ್ಟರು. ಒಬ್ಬಳು ಸೈಕಲ್ ತಳ್ಕೊಂಡು ಹೋಗ್ತಿದಾಳೆ.”

“ಎಷ್ಟು ದೂರದಲ್ಲಿ?”

“ಎರಡು ಮನೆ ಆಚೆ.”

ವ್ಯಾನು ಸ್ವಲ್ಪ ಎಡಕ್ಕೆ ಸರಿಯಿತು. ಅದನ್ನು ನಾನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ನೋಡಿದ ಊರುಗಳನ್ನು ಕುರಿತು ಹೆಚ್ಚು ಬರೆಯಲಾರೆ. ಎಲ್ಲ ಕಡೆ ಕಲ್ಲು ಹಾಸಿನ ಬೀದಿ, ಎತ್ತರದ ಗೋಪುರ, ಹತ್ತಲಾರದ ಮೆಟ್ಟಿಲು. ಅವರು ಹತ್ತಿ ಇಳಿಯುವ ತನಕ ನಾನು ಕೆಳಗೆ ಬೆಂಚಿನ ಮೇಲೆ ಕೈಚೀಲಗಳನ್ನು ಕಾಯುತ್ತಿದ್ದೆ. ಸಂಜೆ ಡೇರೆ ಹಾಕುವ ಬಯಲಿಗೆ ಹೋಗಿ ಸಣ್ಣ ಗ್ಯಾಸ್ ಒಲೆಯಲ್ಲಿ ಅನ್ನವೋ ಉಪ್ಪಿಟ್ಟೋ. ಒಗೆದ ಸೀರೆ ಒಣಗುವ ಮೊದಲೇ ಮಡಿಸಿಡಬೇಕು. ಕಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗದಾಯಿತು. ದಿನವೆಲ್ಲ ಹೇಳಿ ಹೇಳಿ ಗಂಟಲು ಕಟ್ಟಿತು. ರಘೋತ್ತಮನಿಗೂ ದಣಿವು. ಸಂಜೆ ವ್ಯಾನು ನಿಲ್ಲಿಸಿದ ಮೇಲೆ ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕೂತುಬಿಡುತ್ತಿದ್ದ. ನಾವು ಪಾತ್ರೆ ಇಳಿಸಿ ಒಲೆ ಹಚ್ಚಿದರೂ ಇಳಿಯುತ್ತಿರಲಿಲ್ಲ.

ಎರಡನೆಯ ವಾರ, ಮಧ್ಯಾಹ್ನದ ಹೊತ್ತು, ಕೆರೆಯಂಥ ದೊಡ್ಡ ನೀರಿನ ಅಂಚಿನಲ್ಲಿ ಹೋಗುತ್ತಿದ್ದೆವು. ಬಾಯಿ ಒಣಗಿತೆಂದು ನಾನು ಬಗ್ಗಿ ಚೀಲದಿಂದ ನೀರಿನ ಫ್ಲಾಸ್ಕು ತೆಗೆದೆ. ತಲೆಯೆತ್ತುವಷ್ಟರಲ್ಲಿ ನನ್ನ ಕಡೆಯ ಕನ್ನಡಿ ಏನನ್ನೋ ಸವರಿದ ಸದ್ದಾಯಿತು. ಸೈಕಲ್ಲಿನಲ್ಲಿದ್ದ ಗಂಡಸೊಬ್ಬ ಹುಲ್ಲಿನ ಮೇಲೆ ಉರುಳಿದ್ದ.

ದೇವರು ದೊಡ್ಡವನು, ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಛಾಯಾ ಓಡಿಹೋಗಿ ಗಾಯ ತೊಳೆದು ಪಟ್ಟಿ ಹಚ್ಚಿದಳು. ಅವನು ತನ್ನ ಭಾಷೆಯಲ್ಲಿ ಬೈದು, ಸೈಕಲ್ ಹತ್ತಿ ಹೋದ.

“ಅಷ್ಟು ದೊಡ್ಡ ಮನುಷ್ಯ ಕಾಣ್ಲಿಲ್ವೇನ್ರೀ?” ಎಂದಳು ಪದ್ಮಜಾ.

“ಬಿಸಿಲು ಕಣೆ, ಕಣ್ಣಿಗೆ ಹೊಡೀತು.”

ಬಿಸಿಲು ನಮ್ಮ ಬೆನ್ನ ಹಿಂದಿತ್ತು. ಎಲ್ಲರೂ ಹತ್ತಿದ ಮೇಲೆ, ಗಾಡಿ ಹೊರಡಿಸುವ ಮುಂಚೆ, ರಘೋತ್ತಮ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅಂದ:

“ಯಾಕಮ್ಮ ಹೇಳ್ಲಿಲ್ಲ?”

ಆ ಮಾತು ಸಂಜೆಯ ತನಕ ನನ್ನ ಎದೆಯ ಮೇಲೆ ಕೂತಿತ್ತು. ಡೇರೆಯ ಬಯಲಿನ ನಲ್ಲಿಯ ಹತ್ತಿರ ಅವನು ಬಕೆಟ್ಟಿಗೆ ನೀರು ಹಿಡಿಯುತ್ತಿದ್ದಾಗ ಪಾತ್ರೆ ತೊಳೆಯುವ ನೆಪದಲ್ಲಿ ಹೋಗಿ ಅವನ ಬಲಗಡೆ ನಿಂತೆ. ಸೌಟನ್ನು ಅವನ ಕಿವಿಯ ಪಕ್ಕಕ್ಕೆ ಹಿಡಿದೆ. ತಿರುಗಲಿಲ್ಲ. ಇನ್ನೂ ಮುಂದಕ್ಕೆ, ಕೆನ್ನೆಯ ಹತ್ತಿರ ತಂದೆ. ರೆಪ್ಪೆಯೂ ಬಡಿಯಲಿಲ್ಲ.

“ರಘೋತ್ತಮ, ಎಷ್ಟು ದಿನದಿಂದ ಹೀಗೆ?” ಎಂದೆ.

ಬೆಚ್ಚಿ ತಿರುಗಿದ. ನನ್ನ ಮುಖ ನೋಡಿದ, ಸೌಟು ನೋಡಿದ. ನಲ್ಲಿ ನಿಲ್ಲಿಸುವುದನ್ನು ಮರೆತ. ನೀರು ಬಕೆಟ್ಟು ತುಂಬಿ ನಮ್ಮ ಕಾಲ ಮೇಲೆ ಹರಿಯಿತು. ಆಮೇಲೆ ಎಲ್ಲವನ್ನೂ ಹೇಳಿದ.

“ಛಾಯಾ ಹತ್ತು ವರ್ಷದವಳಿದ್ದಾಗಿಂದ ಮುಂದಿನ ವರ್ಷ ಹೋಗೋಣ, ಮುಂದಿನ ವರ್ಷ ಹೋಗೋಣ ಅಂತ ಹೇಳ್ಕೊಂಡೇ ಬಂದೆ. ಈ ಸಲ ಆಗ್ದೆ ಇದ್ರೆ ನಾನು ಓಡಿಸೋ ಹಾಗಿರಲ್ಲಮ್ಮ. ರೋಮ್ ತನಕ. ಅಲ್ಲೀ ತನಕ ಹೇಳ್ತಾ ಇರಿ. ಊರಿಗೆ ಹೋಗಿ ಬಂದ ಮೇಲೆ ಓಡಿಸೋದನ್ನ ನಾನೇ ಬಿಡ್ತೀನಿ.”

“ಬಿಡ್ತೀಯಾ?”

ಅವನು ನಲ್ಲಿ ನಿಲ್ಲಿಸಿದ. ಬಕೆಟ್ಟು ಎತ್ತಿಕೊಂಡು ಹೋದ.

ಮರುದಿನ ಬೆಟ್ಟದ ದಾರಿ. ಅದನ್ನು ದಾಟಿದರೆ ಇಟಲಿ. ಹತ್ತುವಾಗ ಬೆಟ್ಟ ನಮ್ಮ ಬಲಕ್ಕೇ ಇತ್ತು. ಬಂಡೆ, ನೀರಿನ ಝರಿ, ಮತ್ತೆ ಬಂಡೆ ಎಂದು ಹೇಳುತ್ತಾ ಹೋದೆ. ಗಂಟಲಿನಲ್ಲಿ ಸ್ವರವಿರಲಿಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಮಗಳು ಚಕ್ಕುಲಿ ತಿನ್ನುತ್ತಾ ಏನೋ ಹೇಳಿಕೊಂಡು ನಗುತ್ತಿದ್ದರು. ತುದಿ ಹತ್ತಿರ ಬಂದಾಗ ಮುಂದಿನದು ಕಂಡಿತು. ಆಚೆಗೆ ರಸ್ತೆ ಹಾವಿನ ಹಾಗೆ ಸುತ್ತಿ ಸುತ್ತಿ ಇಳಿಯುತ್ತಿತ್ತು, ಕಂದಕ ಈಗ ಬಲಕ್ಕೆ. ಮೊಳಕಾಲೆತ್ತರದ ಕಲ್ಲಿನ ಗೋಡೆ ಬಿಟ್ಟರೆ ಅಡ್ಡ ಏನಿಲ್ಲ. ನನ್ನ ಬಾಯಿಯೊಂದರ ಮೇಲೆ ನಾಲ್ಕು ಜನ ಇಳಿಯಬೇಕು.

“ಮುಂದೆ ಬಲಗಡೆ ಅಗಲವಾದ ಜಾಗ ಇದೆ,” ಎಂದೆ. “ಒಂದಷ್ಟು ಕಾರು ನಿಂತಿವೆ. ಮೆಲ್ಲಗೆ ಮಾಡು. ಈಗ ತಿರುಗ್ಸು. ಇನ್ನೂ ಸ್ವಲ್ಪ. ಸಾಕು, ನಿಲ್ಲಿಸು.”

ನಿಲ್ಲಿಸಿದ. “ಯಾಕಮ್ಮ, ವಾಂತಿ ಬರೋ ಹಾಗಿದೆಯಾ?” ಎಂದು ಪದ್ಮಜಾ ಹಿಂದಿನಿಂದ ಕೇಳಿದಳು.

“ಇಲ್ಲಮ್ಮ.” ಆಮೇಲೆ ಅವನ ಕಡೆ ತಿರುಗಿ ಹೇಳಿದೆ, “ಇನ್ನು ಮುಂದೆ ನಾನು ಬಾಯಿ ಬಿಡೋದಿಲ್ಲಪ್ಪ. ಒಂದು ಮಾತೂ ಹೇಳೋದಿಲ್ಲ.”

“ಅಮ್ಮ...”

ನಾನು ಕೈ ಮಡಿಚಿ ಕೂತೆ. ಅವನ ಗುಟ್ಟು ನಾನು ಹೊರಗೆಡವಲಿಲ್ಲ. ಹೇಳುವುದಾದರೆ ಅವನೇ ಹೇಳಬೇಕು, ಓಡಿಸುವುದಾದರೆ ನನ್ನ ಕಣ್ಣಿಲ್ಲದೆ ಓಡಿಸಬೇಕು. ಇಂಜಿನ್ನು ಇನ್ನೂ ಗುರುಗುಟ್ಟುತ್ತಿತ್ತು. ಅವನ ಎರಡೂ ಕೈ ಸ್ಟೀರಿಂಗಿನ ಮೇಲೆ. ಮುಂದಿನ ಗಾಜಿನಲ್ಲಿ ಆಕಾಶ ಮಾತ್ರ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಕೀಲಿ ತಿರುಗಿಸಿ ಇಂಜಿನ್ನು ನಿಲ್ಲಿಸಿದ.

“ಛಾಯಾ, ಮುಂದೆ ಬಾ. ಗೇರು ತೋರಿಸ್ತೀನಿ.”

“ನೌ? ಹಿಯರ್?”

“ಏನ್ರೀ, ಬಯಲಲ್ಲೆಲ್ಲ ಬಿಟ್ಟು ಬೆಟ್ಟದ ತುದೀಲಿ ಕಲಿಸೋಕೆ ಹೊರಟ್ರಿ? ತಲೆ ಕೆಟ್ಟಿದೆಯಾ?”

“ತಲೆ ಅಲ್ಲ ಪದ್ಮಜಾ, ಕಣ್ಣು,” ಎಂದ.

ಹೇಳಿ ಮುಗಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಛಾಯಾ ಕೇಳಿದ್ದು ಒಂದೇ, “ಹೌ ಲಾಂಗ್?” ಒಂದು ವರ್ಷ ಎಂದಾಗ ಬಾಗಿಲು ತೆಗೆದು ಇಳಿದು, ಕಲ್ಲುಗೋಡೆಯ ತನಕ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಪದ್ಮಜಾ ಅಳಲಿಲ್ಲ, ಬೈಯಲಿಲ್ಲ. ಹಿಂದಿನಿಂದ ಕೈ ಚಾಚಿ ಕೀಲಿಯನ್ನು ಕಿತ್ತುಕೊಂಡು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

“ನನ್ನ ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಏರ್‌ಪೋರ್ಟಿಗೆ ಹೋದ್ರಿ. ಹಿಮದಲ್ಲಿ ಆನ್ ಆರ್ಬರ್‌ಗೆ ಹೋದ್ರಿ,” ಎಂದಳು, ಲೆಕ್ಕ ಒಪ್ಪಿಸುವ ಹಾಗೆ.

ಛಾಯಾ ತಾನಾಗಿ ಬಂದು ಅಮ್ಮನ ಮುಂದೆ ಕೈ ಒಡ್ಡಿದಳು. ಕೀಲಿ ಸಿಕ್ಕಿತು. ಅಪ್ಪ ನನ್ನ ಸೀಟಿಗೆ ಬಂದ, ನಾನು ಹಿಂದೆ ಹೋದೆ. ಆ ಜಾಗದಲ್ಲೇ ಸುತ್ತು ಹೊಡೆದು ಕಲಿತಳು. ವ್ಯಾನು ಕಪ್ಪೆಯ ಹಾಗೆ ಕುಪ್ಪಳಿಸಿ ಕುಪ್ಪಳಿಸಿ ನಿಲ್ಲುವುದು, ಅವಳು ಇಂಗ್ಲಿಷಿನಲ್ಲಿ ಬೈಯುವುದು.

“ಎಡಗಾಲು ಮೆಲ್ಲಗೆ ಬಿಡು ಮಗು. ಮೊಟ್ಟೆ ಮೇಲೆ ಕಾಲಿಟ್ಟ ಹಾಗೆ.”

“ನಮ್ಮನೇಲಿ ಮೊಟ್ಟೇನೇ ತರಲ್ವಲ್ಲ, ಅವಳಿಗೇನು ಗೊತ್ತು,” ಎಂದಳು ಪದ್ಮಜಾ. ಆ ದಿನ ಯಾರಾದರೂ ನಕ್ಕದ್ದು ಆಗ ಮಾತ್ರ.

ನೆರಳು ಉದ್ದವಾಗುವ ಮೊದಲು ಇಳಿದೆವು. ಸಣ್ಣ ಗೇರಿನಲ್ಲಿ, ಹಿಂದೆ ಬಂದ ಕಾರುಗಳೆಲ್ಲ ಹಾರನ್ ಬಾರಿಸುತ್ತಿದ್ದರೂ ಅವಸರ ಮಾಡದೆ. ರಘೋತ್ತಮ ಹೊರಗೆ ನೋಡಲಿಲ್ಲ. ಪ್ರತಿ ತಿರುವಿನಲ್ಲೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ರೋಮ್ ತನಕ ಛಾಯಾಳೇ ಓಡಿಸಿದಳು. ಅಪ್ಪನ ಜೊತೆ ರಸ್ತೆಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ವಿಮಾನ ನಿಲ್ದಾಣದಲ್ಲಿ ಬೀಳ್ಕೊಡುವಾಗ ಮಾತ್ರ ಅವನ ಅಂಗಿಯ ಕಾಲರನ್ನು ಸರಿಮಾಡಿ, “ಮನೇಲಿರೋ ನಿಮ್ಮ ಕಾರು ನಾನು ತಗೊಂಡು ಹೋಗ್ತೀನಿ ಅಪ್ಪ,” ಎಂದಳು. ಕನ್ನಡದಲ್ಲೇ ಹೇಳಿದಳು.

“ತಗೊಂಡು ಹೋಗು,” ಎಂದ.

ಮರುವರ್ಷ ಸೊಸೆ ಬಸುರಿಯೆಂದು ಮತ್ತೊಬ್ಬರ ಜೊತೆಯಲ್ಲಿ ನಾನು ಆನ್ ಆರ್ಬರ್‌ಗೆ ವಾಪಸು ಬಂದೆ. ರಘೋತ್ತಮ ಲೈಸೆನ್ಸನ್ನು ತಾನೇ ಹೋಗಿ ಒಪ್ಪಿಸಿದ್ದ. ಕಂಪನಿಯವರು ಕುರ್ಚಿಯಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದರು. ಎಡಗಣ್ಣು ಇನ್ನಷ್ಟು ಇಳಿದ ಮೇಲೆ ಅದೂ ನಿಂತಿತು. ಛಾಯಾ ಶನಿವಾರ ಶನಿವಾರ ಬಂದು ಪದ್ಮಜಾಗೆ ಡ್ರೈವಿಂಗ್ ಕಲಿಸಿದಳು. ಕಿರಿಚುತ್ತಲೇ ಕಲಿತಳಂತೆ. ಅವಳು ಅಂಗಡಿಗೆ ಹೋದಾಗ ಅವನು ಕಿಟಕಿಯ ಹತ್ತಿರ ಕೂತು, ಬರುವ ಕಾರಿನ ಬ್ರೇಕಿನ ಸದ್ದು ಕೇಳಿ, “ಪ್ಯಾಡ್ ಸವೆದಿದೆ,” ಎನ್ನುತ್ತಿದ್ದ. ಕೋಪ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ. ಸುಮ್ಮನೆ ದಣಿದವನ ಹಾಗೆ ಇರುತ್ತಿದ್ದ.

ನಾನು ಮೈಸೂರಿಗೆ ಪೂರ್ತಿಯಾಗಿ ಹೊರಟದ್ದು ೧೯೭೯ರಲ್ಲಿ. ಹೊರಡುವ ಹಿಂದಿನ ದಿನ ಪದ್ಮಜಾ ಅವನನ್ನು ಕರೆದುಕೊಂಡು ಬಂದಳು. ಊಟ ಮಾಡಿದರು, ನಮಸ್ಕಾರ ಮಾಡಿದರು. ಕಾರಿನ ತನಕ ನಾನೂ ಹೋದೆ. ಅವನು ಬಲಗಡೆಯ ಸೀಟಿನಲ್ಲಿ ಕೂತು, ಗಾಜು ಇಳಿಸಿ, ಕೈಯಿಂದ ತಡವಿ ನನ್ನ ಕೈ ಹಿಡಿದುಕೊಂಡ.

“ಬೆಟ್ಟ ಇಳಿದ ಮೇಲೆ ನೀವು ಹಿಂದಿನ ಸೀಟಲ್ಲಿ ಬಾಯಿ ತೆರಕೊಂಡು ನಿದ್ದೆ ಹೋದ್ರಂತೆ. ರೋಮ್ ತನಕ ದಿನಾ ಹಾಗೇ ಅಂತೆ. ಛಾಯಾ ಈಗಲೂ ಹೇಳ್ಕೊಂಡು ನಗ್ತಾಳೆ,” ಎಂದ. ಪದ್ಮಜಾ ಕಾರು ಹೊರಡಿಸದೆ ಕಾದಳು.

“ನಿಜ ಹೇಳಿ ಅಮ್ಮ, ನಾನು ಓಡಿಸುವಾಗ ನೀವು ಒಂದು ದಿನಾನಾದ್ರೂ ಕಣ್ಣು ಮುಚ್ಚಿದ್ರಾ?”